ಯಾರೋ ನಿಂತು ನೋಡಿದರು

ಪುಟ್ಟಿಗೆ ಮೂವತ್ತೆರಡು ತುಂಬಿತ್ತು. ಆದರೂ ಮನೆಯಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ. ಹಾಗೆ ಕರೆಯುವವಳು ಅಕ್ಕ, ಹನ್ನೆರಡು ವರ್ಷ ದೊಡ್ಡವಳು. ಅಪ್ಪನ ನೆನಪು ಪುಟ್ಟಿಗಿಲ್ಲ. ಅಮ್ಮ ತೀರಿಕೊಂಡಾಗ ಅವಳಿಗೆ ಎಂಟು, ಅಕ್ಕನಿಗೆ ಇಪ್ಪತ್ತು. ಅಲ್ಲಿಂದಾಚೆಗೆ ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಅಂಕ ಕಡಿಮೆ ಕೊಟ್ಟ ಮೇಷ್ಟರ ಹತ್ತಿರ ಜಗಳಕ್ಕೆ ಹೋದದ್ದು, ಎಲ್ಲವೂ ಅಕ್ಕನೇ.

ಅಕ್ಕ ಟವರ್ ಕ್ರೇನ್ ನಡೆಸುತ್ತಿದ್ದಳು. ಕಟ್ಟುತ್ತಿರುವ ದೊಡ್ಡ ಕಟ್ಟಡಗಳ ಪಕ್ಕದಲ್ಲಿ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತಿರುತ್ತದಲ್ಲ, ಅದು. ಬೆಳಿಗ್ಗೆ ಏಳಕ್ಕೆ ಕಬ್ಬಿಣದ ಏಣಿ ಹತ್ತಿ ಗಾಜಿನ ಪೆಟ್ಟಿಗೆಯಂಥ ಕ್ಯಾಬಿನ್ನಿನಲ್ಲಿ ಕೂತರೆ ಊಟಕ್ಕಷ್ಟೇ ಇಳಿಯುವುದು. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುವವನಿಗೆ ಸೈಟಿನಲ್ಲಿ 'ಸೀಟಿಯಣ್ಣ' ಎಂದು ಹೆಸರು. ವಾಕಿಟಾಕಿ ಬರುವ ಮೊದಲು ಬರೀ ಸೀಟಿ ಊದಿಯೇ ಕ್ರೇನ್ ನಡೆಸಿದ ಹಳೆಯ ಕೈ. "ಮೇಲಿರೋ ತಾಯಿ ಮೂರು ಟನ್ ಇಳಿಸಿದ್ರೂ ಕೆಳಗೆ ಮಲಗಿರೋ ಬೆಕ್ಕಿಗೆ ಎಚ್ಚರ ಆಗಲ್ಲ" ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ.

ಪುಟ್ಟಿಯ ಕೆಲಸ ಬರೆಯುವುದು. ಏನು ಬರೀತೀರಿ ಎಂದು ಕೇಳಿದವರಿಗೆ "ಒಂದೊಂದೇ ಸಾಲು" ಎನ್ನುತ್ತಿದ್ದಳು. ಕೇಳಿದವರು ವಿನಯ ಎಂದುಕೊಳ್ಳುತ್ತಿದ್ದರು, ಆದರೆ ಅದು ಇದ್ದದ್ದು ಇದ್ದ ಹಾಗೆ ಹೇಳಿದ ಮಾತು. ಸಂಗಾತಿ ಹುಡುಕುವವರಿಗಾಗಿ ಮಾಡಿದ ಒಂದು ಆ್ಯಪಿನ ಕಚೇರಿಯಲ್ಲಿ ಅವಳಿದ್ದಳು. ಜನರ ಫೋನಿನ ಮೇಲೆ ಟಣ್ಣೆಂದು ಬಂದು ಕೂರುತ್ತವಲ್ಲ, ಆ ಪುಟ್ಟ ಸಾಲುಗಳನ್ನು ಬರೆಯುವ ನಾಲ್ವರಲ್ಲಿ ಒಬ್ಬಳು. ಬರೆದ ಸಾಲನ್ನು ಬೆಳಿಗ್ಗೆ ಕೆಲವು ಸಾವಿರ ಜನರಿಗೆ ಕಳಿಸುತ್ತಿದ್ದರು. ಕೈಯಲ್ಲಿದ್ದ ಕಾಫಿ ಆರುವುದರೊಳಗೆ ಎಷ್ಟು ಜನ ಅದನ್ನು ಒತ್ತಿ ಆ್ಯಪಿನೊಳಗೆ ಬಂದರೆಂದು ಗೋಡೆಯ ಪರದೆ ತೋರಿಸುತ್ತಿತ್ತು. ಜನರನ್ನು ಒಳಗೆ ಎಳೆಯದ ಸಾಲು ಮಧ್ಯಾಹ್ನದೊಳಗೆ ಕಸದ ಬುಟ್ಟಿಗೆ.

ಹೋದ ವರ್ಷ ಅವಳು ಬರೆದ ಒಂದು ಸಾಲು ಎಲ್ಲ ದಾಖಲೆ ಮುರಿಯಿತು. "ಯಾರೋ ಈಗಷ್ಟೇ ನಿಮ್ಮ ಫೋಟೋ ಮುಂದೆ ನಿಂತು ನೋಡಿದರು." ಅಷ್ಟೇ. ಹೆಸರಿಲ್ಲ, ಊರಿಲ್ಲ. ಮ್ಯಾನೇಜರು ಕೇಕಿನ ಮೇಲೆ ಆ ಸಾಲನ್ನೇ ಕ್ರೀಮಿನಲ್ಲಿ ಬರೆಸಿ ತರಿಸಿದ್ದರು. 'ಯಾರೋ' ಎಂದಿದ್ದ ತುಂಡು ಪುಟ್ಟಿಗೇ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆ್ಯಪನ್ನು ಅಕ್ಕನ ಫೋನಿಗೆ ಹಾಕಿಕೊಟ್ಟವಳೂ ಪುಟ್ಟಿಯೇ. ಭಾವ ಬಿಟ್ಟುಹೋಗಿ ಆರು ವರ್ಷವಾಗಿತ್ತು. ಹೋಗುವಾಗ ಇಸ್ತ್ರಿ ಪೆಟ್ಟಿಗೆಯನ್ನೂ ಬಿಡದೆ ತೆಗೆದುಕೊಂಡು ಹೋದ ಮನುಷ್ಯ. ಅಕ್ಕ ಅವನಿಗಾಗಿ ಅತ್ತದ್ದಕ್ಕಿಂತ ಆ ಇಸ್ತ್ರಿ ಪೆಟ್ಟಿಗೆಗೆ ಬೈದದ್ದೇ ಹೆಚ್ಚು. ಆದರೆ ಭಾನುವಾರ ಬಂದರೆ ಅವಳು ಬಾಲ್ಕನಿಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಿ ಪುಟ್ಟಿಗೆ ಕರುಳು ಚುರ್ರೆನ್ನುತ್ತಿತ್ತು.

"ಒಂದ್ಸಲ ನೋಡೇ ಅಕ್ಕ. ಇಷ್ಟ ಆಗ್ಲಿಲ್ಲ ಅಂದ್ರೆ ತೆಗೆದುಹಾಕು."

"ನಲವತ್ನಾಲ್ಕು ವರ್ಷದವಳನ್ನ ಯಾರು ನೋಡ್ತಾರೆ?"

"ನೋಡ್ತಾರೆ. ನಾನು ಅಲ್ಲೇ ಅಲ್ವಾ ಇರೋದು?"

ಮೊದಲ ಎರಡು ವಾರ ಮನೆಯ ಕಳೆಯೇ ಬದಲಾಯಿತು. ಅಕ್ಕ ಹೆಲ್ಮೆಟ್ ಹಾಕಿಕೊಂಡ ಫೋಟೋ ಹಾಕಿದಳು. ತಿಂಡಿ ತಿನ್ನುತ್ತಾ ಒಂದೊಂದೇ ಮುಖವನ್ನು ಬೆರಳಿನಿಂದ ಸರಿಸುತ್ತಾ ನಗುತ್ತಿದ್ದಳು. "ಇವನ ಮೀಸೆ ನೋಡು, ಬಣ್ಣದ ಬ್ರಷ್ ಅಂಟಿಸಿಕೊಂಡ ಹಾಗಿದೆ." ಹಡಗಿನ ಎಂಜಿನ್ ರಿಪೇರಿ ಮಾಡುವ ಒಬ್ಬನ ಜೊತೆ ಮಾತು ಬೆಳೆಯಿತು. ಹೆಂಡತಿ ತೀರಿಕೊಂಡವನು, ಹಾಸ್ಯದ ಮನುಷ್ಯ. ಅವಳು ಎತ್ತರದಿಂದ ತೆಗೆದ ಮೋಡದ ಫೋಟೋ ಕಳಿಸಿದರೆ, ಅವನು ಎಂಜಿನ್ ಕೋಣೆಯ ಕತ್ತಲೆಯ ಫೋಟೋ ಕಳಿಸಿ "ನಮ್ಮ ಆಕಾಶ ಇದು" ಎಂದು ಬರೆಯುತ್ತಿದ್ದ. ಭೇಟಿಯಾಗೋಣವೇ ಎಂದು ಅಕ್ಕನೇ ಕೇಳಿದಳು. ಕೇಳುವ ಮೊದಲು ಅಡುಗೆಮನೆಯಲ್ಲಿ ನಾಲ್ಕು ಸಲ ಓಡಾಡಿದ್ದಳು.

ಉತ್ತರ ಬರಲಿಲ್ಲ.

ಒಂದು ದಿನ, ಎರಡು ದಿನ, ಒಂದು ವಾರ. ಅದರ ನಡುವೆ ಬೇರೆ ಸಾಲುಗಳು ಮಾತ್ರ ಬರುತ್ತಲೇ ಇದ್ದವು. ನಿಮ್ಮ ಹತ್ತಿರದಲ್ಲೇ ಹೊಸಬರಿದ್ದಾರೆ. ಇಂದು ನಿಮ್ಮ ಅದೃಷ್ಟದ ದಿನವಿರಬಹುದು. ಯಾರೋ ನಿಂತು ನೋಡಿದರು. ಅಕ್ಕ ಪ್ರತಿ ಸಲವೂ ಫೋನ್ ಎತ್ತಿಕೊಳ್ಳುತ್ತಿದ್ದಳು, ಪ್ರತಿ ಸಲವೂ ಕೆಳಗಿಡುವಾಗ ಮುಖ ಇಷ್ಟೇ ಇಷ್ಟು ಸಣ್ಣದಾಗುತ್ತಿತ್ತು. ಊಟಕ್ಕೆ ಕೂತರೆ ಫೋನು ತಟ್ಟೆಯ ಪಕ್ಕ. ಸ್ನಾನಕ್ಕೆ ಹೋದರೆ ಬಚ್ಚಲ ಕಿಟಕಿಯ ಮೇಲೆ. ಹೆಲ್ಮೆಟ್ಟಿನ ಫೋಟೋ ತೆಗೆದು ಸೀರೆಯದು ಹಾಕಿದಳು, ಅದನ್ನೂ ತೆಗೆದು ಇಪ್ಪತ್ತು ವರ್ಷ ಹಿಂದಿನದು ಹಾಕಿದಳು. ಒಂದು ದಿನ ಸಿಟ್ಟಿನಿಂದ ಆ್ಯಪನ್ನೇ ತೆಗೆದುಹಾಕಿದಳು. ಮೂರನೆಯ ದಿನ ಮತ್ತೆ ಹಾಕಿಕೊಂಡಾಗ ಒಂದೇ ಗಂಟೆಯಲ್ಲಿ ಹದಿನೈದು ಜನ ಇಷ್ಟಪಟ್ಟರು. ಅವಳು ಹಾಡಿಕೊಂಡು ಪಾತ್ರೆ ತೊಳೆದಳು. ಮಾರನೆಯ ದಿನದಿಂದ ಮತ್ತೆ ನಿಶ್ಶಬ್ದ.

"ನನ್ನ ಮುಖದಲ್ಲಿ ಏನಾದ್ರೂ ಕೊರತೆ ಇದೆಯೇನೇ ಪುಟ್ಟಿ?" ಎಂದು ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಮೇಷ್ಟರ ಹತ್ತಿರ ಜಗಳಕ್ಕೆ ಹೋಗುತ್ತಿದ್ದ ಹೆಂಗಸು, ಹಲ್ಲುಜ್ಜುವ ಬ್ರಷ್ ಕೈಯಲ್ಲಿ ಹಿಡಿದು, ಉತ್ತರಕ್ಕಾಗಿ ತಂಗಿಯ ಮುಖ ನೋಡುತ್ತಿದ್ದಳು. ಪುಟ್ಟಿ "ಹುಚ್ಚಾ ನಿಂಗೆ?" ಎಂದು ನಕ್ಕು ಆಫೀಸಿಗೆ ಹೋದಳು. ದಾರಿಯುದ್ದಕ್ಕೂ ಆ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ. ಆದರೆ ಆಫೀಸಿನಲ್ಲಿ ಅಂದು ಹೊಸ ಸಾಲುಗಳ ಪರೀಕ್ಷೆಯಿತ್ತು.

ಅದಾಗಿ ಒಂದು ವಾರಕ್ಕೆ ಸೀಟಿಯಣ್ಣ ಅಕ್ಕನನ್ನು ಮನೆಗೆ ಬಿಡಲು ತಾನೇ ಬಂದ. ಇನ್ನೂ ಹಗಲಿತ್ತು, ಪುಟ್ಟಿ ಅಂದು ರಜೆಯಲ್ಲಿದ್ದಳು. ಅಕ್ಕ ಚಪ್ಪಲಿ ಬಿಡದೆ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತಳು.

"ಏನಾಯ್ತು ಅಣ್ಣ?"

"ಯಾರಿಗೂ ಏನೂ ಆಗಿಲ್ಲ ಪುಟ್ಟಮ್ಮ. ಮೊದಲು ಅದನ್ನ ಕೇಳಿಸ್ಕೋ." ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ. "ಒಂಬತ್ತನೇ ಮಹಡಿಗೆ ಕಂಬಿ ಕಟ್ಟು ಹೋಗ್ತಿತ್ತು. ಗಾಳಿ ತಿರುಗ್ತು. ನಿಲ್ಸು, ನಿಲ್ಸು, ನಿಲ್ಸು ಅಂತ ಮೂರ್ಸಲ ಕೂಗಿದೆ. ಮೇಲಿಂದ ಉತ್ತರ ಇಲ್ಲ. ಕಂಬಿ ಹೋಗಿ ಅಟ್ಟಣಿಗೆಗೆ ಬಡೀತು. ಇಬ್ಬರಿದ್ರು ಅಲ್ಲಿ. ಬಗ್ಗಿದ್ರು, ಉಳಿದ್ರು. ಆಮೇಲೆ ಈಯಮ್ಮನೇ ನೆಟ್ಟಗೆ ಇಳಿಸಿ, ತಾನೇ ಕೆಳಗೆ ಬಂದು, ಮೇಸ್ತ್ರಿ ಹತ್ರ 'ತಪ್ಪು ನನ್ನದು, ಫೋನ್ ನೋಡ್ತಿದ್ದೆ' ಅಂದ್ಲು. ಬೇರೆಯವರಾಗಿದ್ರೆ ಗಾಳಿ ಮೇಲೆ ಹಾಕ್ತಿದ್ರು."

ಅಕ್ಕನನ್ನು ಕ್ರೇನಿನಿಂದ ಇಳಿಸಿದ್ದರು. ಎರಡು ತಿಂಗಳು ನೆಲದ ಮೇಲೆ ನಿಂತು ಕೊಕ್ಕೆಗೆ ಹೊರೆ ಕಟ್ಟುವ ಕೆಲಸ. ಆಮೇಲೆ ಹೊಸಬರ ಹಾಗೆ ಮೊದಲಿಂದ ಪರೀಕ್ಷೆ. ಪಾಸಾದರೆ ಮಾತ್ರ ಮೇಲೆ.

ಸೀಟಿಯಣ್ಣ ಹೋದ ಮೇಲೆ ಅಕ್ಕ ಫೋನ್ ತೆಗೆದು ತಂಗಿಯ ಮುಂದೆ ಇಟ್ಟಳು. ಪರದೆಯ ಮೇಲೆ ಸಾಲು ಬಂದ ಸಮಯ ಹನ್ನೊಂದು ಹತ್ತು ಎಂದಿತ್ತು, ಅದರ ಕೆಳಗೆ ಆ ಸಾಲು. ಯಾರೋ ಈಗಷ್ಟೇ ನಿಮ್ಮ ಫೋಟೋ ಮುಂದೆ ನಿಂತು ನೋಡಿದರು.

"ಹಡಗಿನವನೇ ಇರಬಹುದು ಅಂತ ಒತ್ತಿದೆ," ಎಂದಳು. "ಯಾರೂ ಇರ್ಲಿಲ್ಲ. ಯಾವತ್ತೂ ಯಾರೂ ಇರಲ್ಲ. ಗೊತ್ತಿದ್ದೂ ಒತ್ತಿದೆ ನೋಡು."

ಪುಟ್ಟಿ ಆ ಸಾಲಿನ ಮೇಲೆ ಬೆರಳಿಟ್ಟಳು. "ಅಕ್ಕ, ಅದನ್ನ ಬರೆದಿದ್ದು ನಾನು."

ಅಕ್ಕ ಅರ್ಥವಾಗದೆ ನೋಡಿದಳು. ತಂಗಿ ಆ ಆ್ಯಪಿನ ಆಫೀಸಿನಲ್ಲಿ ಏನೋ ಬರೆಯುತ್ತಾಳೆ, ಕೇಕು ಕೊಟ್ಟಿದ್ದರು ಎಂದಷ್ಟೇ ಅವಳಿಗೆ ಗೊತ್ತಿತ್ತು. ಪುಟ್ಟಿ ಎಲ್ಲ ಹೇಳಿದಳು. ನಾಲ್ಕು ಜನ, ಗೋಡೆಯ ಪರದೆ, ದಾಖಲೆ, ಕ್ರೀಮಿನ ಅಕ್ಷರ. ಹೇಳಿ ಮುಗಿಸುವಷ್ಟರಲ್ಲಿ ಅವಳ ಮುಖ ಮೂಗು ಎಲ್ಲ ನೀರಾಗಿತ್ತು.

"ಹಾಗಾದ್ರೆ ಇಷ್ಟು ದಿನ ನಿಂತು ನೋಡ್ತಿದ್ದ ಆ ಯಾರೋ ನೀನೇನಾ?" ಎಂದಳು ಅಕ್ಕ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಕ್ಕ ಬೈಯಲಿಲ್ಲ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಎದುರಿಗೆ ಕೂತು, ಸೈಟಿನಲ್ಲಿ ಹೊಸ ಯಂತ್ರ ಬಂದಾಗ ಕೇಳುವಂತೆ ಕೇಳಿದಳು: "ಸರಿ. ಅದು ಹೇಗೆ ಕೆಲಸ ಮಾಡುತ್ತೆ ಹೇಳು. ಯಾವಾಗ ಬರುತ್ತೆ ಆ ಸಾಲು? ನಿಜವಾಗ್ಲೂ ಯಾರಾದ್ರೂ ನೋಡಿದಾಗಲೋ, ಸುಮ್ಮನೆಯೋ?"

"ನಂಗೆ ಗೊತ್ತಿಲ್ಲ ಅಕ್ಕ. ನಾನು ಬರೀ ಬರೀತೀನಿ." ಇದನ್ನು ಹೇಳುವಾಗಲೇ ಪುಟ್ಟಿಗೆ ತನ್ನ ಮಾತು ಪೊಳ್ಳೆನಿಸಿತು. ಗೊತ್ತಾಗದೆ ಇದ್ದದ್ದಲ್ಲ, ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲು ಹೋಗಿರಲಿಲ್ಲ.

ಯಾವ ಬಳಕೆದಾರರಾದರೂ ಅರ್ಜಿ ಕೊಟ್ಟರೆ ಅವರ ಪೂರ್ತಿ ದಾಖಲೆಯನ್ನು ಕಂಪನಿ ಕೊಡಲೇಬೇಕೆಂಬ ನಿಯಮವಿತ್ತು. ಯಾರೂ ಕೇಳುತ್ತಿರಲಿಲ್ಲ ಅಷ್ಟೇ. ಅಕ್ಕ ಕೇಳಿದಳು. ಹದಿನೆಂಟು ದಿನಕ್ಕೆ ಬಂತು. ಪುಟ್ಟಿ ಅದನ್ನು ಮುದ್ರಿಸಿ ತಂದಳು, ಇಟ್ಟಿಗೆಯಷ್ಟು ದಪ್ಪದ ಕಾಗದ. ಭಾನುವಾರ ಬೆಳಿಗ್ಗೆ ಇಬ್ಬರೂ ಅದನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಗಾಳಿಯ ವೇಗ, ಹೊರೆಯ ತೂಕದ ಪಟ್ಟಿಗಳನ್ನು ದಿನಾ ಓದುವ ಅಕ್ಕನಿಗೆ ಸಾಲು ಸಾಲು ಅಂಕಿ ಕಂಡರೆ ಹೆದರಿಕೆಯಿಲ್ಲ. ಸ್ಕೇಲು ಇಟ್ಟು ಓದಿದಳು. ಅರ್ಥವಾಗದ ಪದಗಳನ್ನು ಪೆನ್ಸಿಲಿನಲ್ಲಿ ಸುತ್ತಿದಳು.

ಮರುದಿನ ಪುಟ್ಟಿ ಆ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಊಟದ ಹೊತ್ತಿಗೆ 'ಗಣಿತ'ನ ಹತ್ತಿರ ಹೋದಳು. ಆಫೀಸಿನ ಅಂಕಿಅಂಶಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಜನ ಅವನ ನಿಜವಾದ ಹೆಸರನ್ನು ಮರೆತೇಬಿಟ್ಟಿದ್ದರು. ಚೀಟಿ ನೋಡಿ ಅವನು ಚಮಚ ಕೆಳಗಿಟ್ಟ.

"ಇದು ಎಲ್ಲಿ ಸಿಕ್ತು?"

"ನಮ್ಮಕ್ಕನ ದಾಖಲೆ. ಅವಳೇ ಕೇಳಿ ತರಿಸಿಕೊಂಡಿದ್ದು."

ಅವನು ತಟ್ಟೆ ಪಕ್ಕಕ್ಕೆ ಸರಿಸಿ ಒಂದೊಂದನ್ನೇ ಬಿಡಿಸಿ ಹೇಳಿದ. 'ಯಾರೋ' ಸಾಲು ಹೋಗುವುದು ಯಾರಾದರೂ ನೋಡಿದಾಗಲ್ಲ, ಫೋನಿನ ಒಡೆಯರು ದೂರ ಸರಿಯುತ್ತಿದ್ದಾರೆ ಎಂದು ಯಂತ್ರಕ್ಕೆ ಅನಿಸಿದಾಗ. ಬಿಟ್ಟು ಹೋಗಿ ತಿರುಗಿ ಬಂದವರಿಗೆ ಮೊದಲ ಗಂಟೆ ರಾಶಿ ರಾಶಿ ಲೈಕು ತೋರಿಸಬೇಕೆಂದು ಬೇರೆ ನಿಯಮ. ಇನ್ನೊಂದು ಪದದ ಹತ್ತಿರ ಬಂದಾಗ ಅವನು ತಲೆ ತಗ್ಗಿಸಿದ.

"ಇದು ತಡೆದಿಟ್ಟ ಉತ್ತರಗಳ ಸರತಿ. ಕೆಲವರು ಉತ್ತರ ಸಿಕ್ಕಿದ ಮೇಲೆ ಆ್ಯಪ್ ಬಿಟ್ಟುಹೋಗ್ತಾರೆ. ಕಾಯ್ತಾ ಇದ್ದಾಗ ದಿನಕ್ಕೆ ನಲವತ್ತು ಸಲ ತೆಗೀತಾರೆ. ಅಂಥವರಿಗೆ ಬಂದ ಉತ್ತರನ ನಿಧಾನವಾಗಿ ಬಿಡ್ತೀವಿ. ಕೆಲವು ಬಿಡೋದೇ ಇಲ್ಲ. ನಿಮ್ಮಕ್ಕನ ಗುಂಪಿಗೆ ಇಟ್ಟಿರೋ ಹೆಸರು ಇದು." ಅವನು ಚೀಟಿಯ ಕೊನೆಯ ಪದದ ಮೇಲೆ ಬೆರಳಿಟ್ಟ. "ಕಾಯುವವರು."

ಗಣಿತ ಆ ಸರತಿಯನ್ನು ತೆರೆದು ಅಕ್ಕನಿಗೆ ಬಂದಿದ್ದ ಪತ್ರಗಳನ್ನು ಮುದ್ರಿಸಿ ಕೊಟ್ಟ. ಹಡಗಿನವನು ಉತ್ತರ ಬರೆದಿದ್ದ. ಅಕ್ಕ ಕೇಳಿದ ದಿನವೇ, ಹನ್ನೊಂದು ನಿಮಿಷಕ್ಕೆ. ಎರಡು ದಿನ ಬಿಟ್ಟು ಇನ್ನೊಂದು, ಅದರಲ್ಲಿ ಅವನ ಫೋನ್ ನಂಬರೂ ಇತ್ತು. ನಾಲ್ಕನೆಯ ದಿನ ಮೂರನೆಯದು: "ನಿಮಗೆ ಬೇಸರ ಮಾಡಿದ್ದರೆ ಕ್ಷಮಿಸಿ." ಮೂರೂ ಆ ಸರತಿಯಲ್ಲಿ ಬಿದ್ದಿದ್ದವು. ಅವನ ಜೊತೆ ಇನ್ನೂ ಎಂಟು ಜನರ ಪತ್ರಗಳು.

ಸಂಜೆ ಪುಟ್ಟಿ ಇದನ್ನೆಲ್ಲ ಹೇಳುವಾಗ ಅಕ್ಕ ಅಳುತ್ತಾಳೆ ಎಂದುಕೊಂಡಿದ್ದಳು. ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು, ಭುಜ ಕುಲುಕಿತು, ಆಮೇಲೆ ಒಂದು ನಗು ಹೊರಬಂತು. ತಿಂಗಳುಗಟ್ಟಲೆ ಕೇಳದಿದ್ದ ನಗು, ಮೇಲಿನ ಮನೆಯವರು ಕಿಟಕಿ ತೆಗೆದು ನೋಡುವಂಥದ್ದು.

"ಹನ್ನೊಂದು ನಿಮಿಷನೇನೇ! ಹನ್ನೊಂದೇ ನಿಮಿಷ! ಪುಟ್ಟಿ, ನನ್ನ ಮುಖದಲ್ಲಿ ಏನೂ ಕೊರತೆ ಇಲ್ಲ!"

ಅಲ್ಲಿಯೇ ಆ ನಂಬರಿಗೆ ಫೋನ್ ಮಾಡಿದಳು. ಅವನು ಎತ್ತಿಕೊಂಡ. ಅಕ್ಕ ತಾನು ಯಾರೆಂದು ಹೇಳಿ, ಪತ್ರ ಇಂದು ಸಿಕ್ಕಿತೆಂದು ಹೇಳಿದಳು. ಆ ಕಡೆಯಿಂದ ದೊಡ್ಡ ದನಿ ಪುಟ್ಟಿಗೂ ಕೇಳಿಸಿತು. ಅಷ್ಟರಲ್ಲಿ ಅವನಿಗೆ ಬೇರೊಬ್ಬಳ ಪರಿಚಯವಾಗಿತ್ತು, ಮುಂದಿನ ತಿಂಗಳು ಮದುವೆ. ಆದರೂ ಇಬ್ಬರೂ ಅರ್ಧ ಗಂಟೆ ಮಾತಾಡಿದರು, ನಕ್ಕರು. ಫೋನಿಟ್ಟ ಅಕ್ಕನ ಕಣ್ಣು ಒದ್ದೆಯಾಗಿತ್ತು, ಆದರೆ ಬೆನ್ನು ನೆಟ್ಟಗಿತ್ತು.

"ಒಳ್ಳೆ ಮನುಷ್ಯ," ಎಂದಳು. "ನಾನು ಆರಿಸಿದ್ದು ಸರಿಯಾಗೇ ಇತ್ತು. ಆ ಹೆಂಗಸು ಪುಣ್ಯ ಮಾಡಿದ್ಲು." ಕಾಗದದ ಕಟ್ಟು ಜೋಡಿಸುತ್ತಾ, "ನನ್ನ ಹಾಗೆ ಇನ್ನೆಷ್ಟು ಜನ ಕನ್ನಡಿ ಮುಂದೆ ನಿಂತಿದ್ದಾರೋ. ನಿಮ್ಮ ಆಫೀಸಿಗೆ ಬರಬೇಕು ನಾನು" ಎಂದಳು.

ಬರಲು ದಾರಿ ಇತ್ತು. ತಿಂಗಳಿಗೊಮ್ಮೆ ಗುರುವಾರ ಒಬ್ಬ ಬಳಕೆದಾರರನ್ನು ಕರೆಸಿ, ಎಲ್ಲರೆದುರು ಕೂರಿಸಿ ಅನುಭವ ಕೇಳುವ ಪದ್ಧತಿ. ಸಾಮಾನ್ಯವಾಗಿ ಮದುವೆಯಾದ ಜೋಡಿಯೊಂದು ಬಂದು ಕೈ ಕೈ ಹಿಡಿದು ಮಾತಾಡಿ ಹೋಗುತ್ತಿತ್ತು. ಯಾರನ್ನು ಕರೆಯಬೇಕೆಂದು ಪಟ್ಟಿ ಮಾಡುವ ಸರದಿ ಆ ತಿಂಗಳು ಪುಟ್ಟಿಯ ಗುಂಪಿನದು. ಅವಳು ಅಕ್ಕನ ಹೆಸರು ಬರೆದಳು. ಸಂಬಂಧ ಎಂಬ ಜಾಗದಲ್ಲಿ 'ಅಕ್ಕ' ಎಂದೇ ಬರೆದಳು. ಯಾರೂ ಓದಲಿಲ್ಲ.

ಅಕ್ಕ ಕೆಲಸದಿಂದ ನೇರ ಬಂದಳು. ಸಿಮೆಂಟು ಹಿಡಿದ ಬೂಟು, ಕಂಕುಳಲ್ಲಿ ಕಾಗದದ ಕಟ್ಟು. ಅರವತ್ತು ಜನ ಬಣ್ಣ ಬಣ್ಣದ ಮೆತ್ತೆಗಳ ಮೇಲೆ ಕೂತಿದ್ದರು. ಹಿಂದಿನ ಸಾಲಿನಲ್ಲಿ ಕಂಪನಿ ಕಟ್ಟಿದ ಯಜಮಾನಿ, ಬೆಳ್ಳಿಗೂದಲಿನ ಹೆಂಗಸು, ಫೋನ್ ನೋಡಿಕೊಂಡು ಕೂತಿದ್ದರು. ಮ್ಯಾನೇಜರು ಮೈಕು ಕೊಟ್ಟು ಮೃದುವಾಗಿ ಕೇಳಿದರು, "ಹೇಳಿ ಮೇಡಂ, ನಮ್ಮ ಆ್ಯಪ್ ನಿಮ್ಮ ಬದುಕಿಗೆ ಏನು ತಂತು?"

"ಅದನ್ನ ಹೇಳೋಕೇ ಬಂದಿದ್ದೀನಿ. ಅದಕ್ಕೆ ಮುಂಚೆ ಒಂದು ಕೇಳ್ಲಾ? ಇಲ್ಲಿರೋರ ಪೈಕಿ ಎಷ್ಟು ಜನರ ಫೋನಿಗೆ ಈ ಟಣ್ ಟಣ್ ಬರುತ್ತೆ? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು.

"ಸರಿ," ಎಂದು ಅಕ್ಕ ಕಾಗದ ಬಿಚ್ಚಿದಳು. ಏರುದನಿಯಿಲ್ಲ, ಅಳುವಿಲ್ಲ. ಏಳು ತಿಂಗಳಲ್ಲಿ ತನಗೆ ಬಂದ ಸಾಲುಗಳು ಆರುನೂರ ಹದಿನೆಂಟು, ಅವುಗಳಲ್ಲಿ ನಿಜವಾಗಿ ಏನಾದರೂ ನಡೆದದ್ದಕ್ಕೆ ಬಂದವು ಐವತ್ತೆರಡು ಎಂದು ಓದಿದಳು. ತನಗೆ ಇಟ್ಟ ಹೆಸರನ್ನು ಓದಿದಳು. ಹನ್ನೊಂದು ನಿಮಿಷಕ್ಕೆ ಬಂದ ಉತ್ತರವನ್ನು ದಿನಾಂಕ ಸಮೇತ ಓದಿದಳು. ಕಂಬಿ ಕಟ್ಟಿನ ವಿಷಯ ಹೇಳುವಾಗ ಮಾತ್ರ ಒಂದು ಗುಟುಕು ನೀರು ಕುಡಿದಳು. "ಫೋನ್ ನೋಡಿದ ತಪ್ಪು ನನ್ನದು. ಅದಕ್ಕೆ ನಾನು ಕ್ರೇನಿಂದ ಇಳಿದಿದ್ದೀನಿ. ನನ್ನ ಪಾಲಿನ ಶಿಕ್ಷೆ ನಾನು ತಗೊಂಡೆ. ನಿಮ್ಮ ಪಾಲಿನದು ಯಾರು ತಗೋತಾರೆ?"

ಯಜಮಾನಿ ಫೋನ್ ಕೆಳಗಿಟ್ಟಿದ್ದರು. "ಉತ್ತರ ತಡೆಯೋದು ಯಾವಾಗ ಶುರುವಾಯ್ತು?" ಎಂದು ಹಿಂದಿನಿಂದಲೇ ಕೇಳಿದರು.

ಮ್ಯಾನೇಜರು ನಕ್ಕರು. "ಮೇಡಂ, ನಾವು ಅದನ್ನ ತಡೆಯೋದು ಅನ್ನಲ್ಲ. ಲಯ ಹೊಂದಿಸೋದು ಅಂತೀವಿ."

"ನಮ್ಮ ಸೈಟಲ್ಲಿ ಅದಕ್ಕೆ ಸುಳ್ಳು ಅಂತಾರೆ," ಎಂದಳು ಅಕ್ಕ. "ಕೆಳಗಿರೋ ಸಿಗ್ನಲ್‌ನವನು ಜನ ಇಲ್ಲದ ಕಡೆ ಜನ ಇದ್ದಾರೆ ಅಂತ ಒಂದೇ ಒಂದ್ಸಲ ಹೇಳಲಿ, ಅವತ್ತೇ ಅವನನ್ನ ಗೇಟಿಂದ ಆಚೆ ಕಳಿಸ್ತೀವಿ."

ಹಿಂದೆಲ್ಲೋ ಒಬ್ಬರು ಕಿಸಕ್ಕೆಂದರು. ನಗು ಮೆತ್ತೆಯಿಂದ ಮೆತ್ತೆಗೆ ಹರಡಿತು. ಮ್ಯಾನೇಜರ ಕಿವಿ ಕೆಂಪಾಯಿತು. "ಇದರಿಂದ ಜನರಿಗೆ ಆಸೆ ಉಳಿಯುತ್ತೆ..." ಎಂದು ಶುರುಮಾಡಿದರು. ಅಷ್ಟರಲ್ಲಿ ಪುಟ್ಟಿ ಎದ್ದು ನಿಂತಿದ್ದಳು.

"ಅವಳು ನಮ್ಮಕ್ಕ. ಆ 'ಯಾರೋ' ಸಾಲು ಬರೆದವಳು ನಾನು. ಇನ್ನು ಮೇಲೆ ನಾನು ಅಂಥದ್ದು ಒಂದೂ ಬರೆಯಲ್ಲ. ನಿಜವಾಗಿ ನಡೆದಿದ್ದು ಇದ್ರೆ ಹೇಳಿ, ಬರೀತೀನಿ. ಇಲ್ಲ ಅಂದ್ರೆ ಇವತ್ತೇ ಕಳಿಸಿಬಿಡಿ."

ಬರೆಯುವವರ ಸಾಲಿನಲ್ಲಿದ್ದ ಇನ್ನೊಬ್ಬಳು ಎದ್ದಳು, "ನಾನೂ." ಉಳಿದಿಬ್ಬರೂ ಎದ್ದರು. ಅತ್ತ ಕಡೆಯಿಂದ ಗಣಿತ ಎದ್ದು ನಿಂತು, ಜನರೆದುರು ಮಾತಾಡಿ ಅಭ್ಯಾಸವಿಲ್ಲದ ಅವನು, ಸರತಿಯಲ್ಲಿ ತಡೆದಿಟ್ಟ ಉತ್ತರಗಳು ಈ ಹೊತ್ತಿಗೆ ಎರಡು ಲಕ್ಷ ಹದಿನಾರು ಸಾವಿರ ಎಂದಷ್ಟೇ ಹೇಳಿ ಕೂತುಬಿಟ್ಟ.

ಯಜಮಾನಿ ಅಂದು ಏನೂ ತೀರ್ಮಾನಿಸಲಿಲ್ಲ. ಅಕ್ಕನ ಕಾಗದದ ಕಟ್ಟನ್ನು ಕೇಳಿ ಪಡೆದುಕೊಂಡು ಹೋದರು. ಮುಂದಿನ ಮೂರು ವಾರ ಪುಟ್ಟಿಗೆ ದಿನಾ ಬೆಳಿಗ್ಗೆ ಆಫೀಸಿನ ಬಾಗಿಲು ತನ್ನ ಕಾರ್ಡಿಗೆ ತೆರೆಯುತ್ತದೋ ಇಲ್ಲವೋ ಎಂಬ ಎದೆಬಡಿತ. ಮ್ಯಾನೇಜರು ಅವಳನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು. ಆದರೆ ಎಲ್ಲೋ ಮುಚ್ಚಿದ ಬಾಗಿಲುಗಳ ಹಿಂದೆ ಜಗಳವಾಗುತ್ತಿರುವುದು ಎಲ್ಲರಿಗೂ ಗೊತ್ತಿತ್ತು. ಎಂಟರಲ್ಲಿ ಒಂದು ಪಾಲು ಜನರಿಗೆ ನಿಜವಾದ ಸಾಲುಗಳನ್ನಷ್ಟೇ ಕಳಿಸಿ, ಬಂದ ಉತ್ತರ ಬಂದ ತಕ್ಷಣ ಬಿಟ್ಟು ನೋಡಿದರು. ಆ ಜನ ಫೋನ್ ತೆಗೆಯುವುದು ಅರ್ಧಕ್ಕರ್ಧ ಇಳಿಯಿತು. ಮುಖಾಮುಖಿ ಭೇಟಿಯಾದವರು ಮಾತ್ರ ಮೂರು ಪಟ್ಟಾದರು. ಮ್ಯಾನೇಜರು ಮೊದಲ ಅಂಕಿಯನ್ನು ಹಿಡಿದುಕೊಂಡರು, ಯಜಮಾನಿ ಎರಡನೆಯದನ್ನು.

ಅಕ್ಕನ ಪರೀಕ್ಷೆಯ ದಿನ ಪುಟ್ಟಿ ರಜೆ ಹಾಕಿ ಸೈಟಿನ ಬೇಲಿಯ ಹೊರಗೆ ನಿಂತಿದ್ದಳು. ಪರೀಕ್ಷೆ ತೆಗೆದುಕೊಳ್ಳಲು ಬಂದವರು ಇಬ್ಬರು, ನಗದ ಜಾತಿ. ಕಾಂಕ್ರೀಟಿನ ದೊಡ್ಡ ದಿಮ್ಮಿಯೊಂದನ್ನು ಎತ್ತಿ, ಎರಡು ಕಂಬಗಳ ನಡುವಿನ ಸಂದಿಯಲ್ಲಿ ತೂರಿಸಿ, ಆಚೆ ಕಡೆ ಸುಣ್ಣದಲ್ಲಿ ಬರೆದ ಚೌಕದೊಳಗೆ ಇಡಬೇಕು. ಅವತ್ತೂ ಗಾಳಿಯಿತ್ತು. ದಿಮ್ಮಿ ಮೇಲೇರಿತು, ಸ್ವಲ್ಪ ಓಲಾಡಿತು, ನಿಂತಿತು. ಅಕ್ಕ ಅವಸರ ಮಾಡಲಿಲ್ಲ, ಓಲಾಟ ತಾನಾಗಿ ಸಾಯುವ ತನಕ ಕಾದಳು. ಸೀಟಿಯಣ್ಣ ವಾಕಿಟಾಕಿಯಲ್ಲಿ ಮೆಲ್ಲಗೆ, ಮಗುವಿಗೆ ತುತ್ತು ತಿನ್ನಿಸುವವನ ಹಾಗೆ ಹೇಳುತ್ತಿದ್ದ, "ಬಾ ತಾಯಿ, ಬಾ, ಇನ್ನೊಂದು ಗೇಣು, ಇನ್ನೊಂದು ಬೆರಳು, ಸಾಕು." ದಿಮ್ಮಿ ಚೌಕದಲ್ಲಿ ಕೂತಾಗ ಧೂಳು ಕೂಡ ಏಳಲಿಲ್ಲ. ನಗದ ಜಾತಿಯವರಲ್ಲಿ ಒಬ್ಬ ಬಗ್ಗಿ ಗೆರೆ ನೋಡಿ, ಎದ್ದು, ಇನ್ನೊಬ್ಬನಿಗೆ ತಲೆಯಾಡಿಸಿದ. ಇಡೀ ಸೈಟು ಕೆಲಸ ನಿಲ್ಲಿಸಿ ಕೂಗಿತು. ಅಂದು ಅಟ್ಟಣಿಗೆಯ ಮೇಲೆ ಬಗ್ಗಿ ಉಳಿದ ಇಬ್ಬರೂ ಹೆಲ್ಮೆಟ್ ತೆಗೆದು ಬಡಿಯುತ್ತಿದ್ದರು. ಅಕ್ಕ ಇಳಿದು ಬಂದು ಮೊದಲು ಹೋದದ್ದು ಅವರ ಹತ್ತಿರ. ಏನು ಹೇಳಿದಳೋ ಪುಟ್ಟಿಗೆ ಕೇಳಲಿಲ್ಲ, ಆದರೆ ಅವರಲ್ಲಿ ದೊಡ್ಡವನು ಅವಳ ಕೈ ಹಿಡಿದು ಬಹಳ ಹೊತ್ತು ಕುಲುಕಿದ.

ಅದಾದ ಮರುವಾರ ಯಜಮಾನಿಯ ತೀರ್ಮಾನ ಬಂತು. 'ಯಾರೋ' ಸಾಲುಗಳೆಲ್ಲ ರದ್ದು. ಗುಂಪುಗಳಿಗಿಟ್ಟ ಹೆಸರುಗಳು ರದ್ದು. ಇನ್ನು ಉತ್ತರ ತಡೆಯುವುದಿಲ್ಲ. ಎಲ್ಲವೂ ಸರಿಹೋಯಿತೆಂದಲ್ಲ. ಬೆರಳಿನಿಂದ ಸರಿಸಿದಷ್ಟೂ ಮುಗಿಯದ ಮುಖಗಳ ಸಾಲು ಹಾಗೇ ಉಳಿಯಿತು, ಅದರ ಜಗಳ ಇನ್ನೂ ಬಾಕಿ. ಮ್ಯಾನೇಜರು ಬೇರೆ ಕಂಪನಿಗೆ ಹೋದರು. ಆದರೆ ತಡೆದಿಟ್ಟ ಎಲ್ಲ ಉತ್ತರಗಳನ್ನೂ, ಹಳೆಯವನ್ನೂ ಸೇರಿಸಿ, ಒಂದೇ ದಿನ ಬಿಡಬೇಕೆಂದು ಯಜಮಾನಿ ಹೇಳಿದರು. ಅವುಗಳ ಜೊತೆ ಹೋಗಬೇಕಾದ ಸಾಲನ್ನು ಪುಟ್ಟಿಯೇ ಬರೆಯಬೇಕೆಂದರು.

ಅವಳು ನಾಲ್ಕು ದಿನ ತೆಗೆದುಕೊಂಡಳು. ಕೊನೆಗೆ ಬರೆದದ್ದು ಇಷ್ಟು: "ಈ ಪತ್ರ ನಿಮಗೆ ತಡವಾಗಿ ಸಿಗುತ್ತಿದೆ. ತಡ ಮಾಡಿದವರು ಬರೆದವರಲ್ಲ, ನಾವು. ತಪ್ಪಾಯಿತು."

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಗೋಡೆಯ ಪರದೆಯ ಮುಂದೆ ನೆರೆದರು. ಗಣಿತ ಅಂಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿದ. ಮೊದಲ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದು ಉತ್ತರ ಬಂತು, ಹತ್ತು ಬಂತು, ಸಾವಿರ ಬಂತು. ಅಂಕಿ ಎಷ್ಟು ಜೋರಾಗಿ ತಿರುಗಿತೆಂದರೆ ಓದಲು ಆಗಲಿಲ್ಲ. ಎಲ್ಲೆಲ್ಲೋ ಅಡುಗೆಮನೆಗಳಲ್ಲಿ, ಬಸ್ಸುಗಳಲ್ಲಿ, ಅಂಗಡಿಯ ಗಲ್ಲಾಗಳ ಹಿಂದೆ ಜನ ತಮಗೆ ಬಂದ ಪತ್ರ ಓದಿ, ತಿರುಗಿ ಬರೆಯುತ್ತಿದ್ದರು. ಕಂಪನಿಗೂ ಪತ್ರಗಳು ಬರತೊಡಗಿದವು. ಕೆಲವರು ಕೆಟ್ಟದಾಗಿ ಬೈದಿದ್ದರು, ಅವರ ಬೈಗುಳ ನ್ಯಾಯವಾಗಿತ್ತು. ಒಬ್ಬ ಶಾಲಾ ಮಾಸ್ತರು ಬರೆದಿದ್ದರು, "ಒಂದು ವರ್ಷ ನಾನು ಮಾತಾಡಲು ಬಾರದವನು ಅಂದುಕೊಂಡಿದ್ದೆ." ಒಬ್ಬ ನರ್ಸು ಬರೆದಿದ್ದರು, "ಅವರು ಇನ್ನೂ ಒಂಟಿಯಾಗಿಯೇ ಇದ್ದಾರಂತೆ! ಸಂಜೆ ಐದಕ್ಕೆ ಭೇಟಿ!" ಅದನ್ನು ಯಾರೋ ಗಟ್ಟಿಯಾಗಿ ಓದಿದಾಗ ಅರವತ್ತು ಜನ ಹೋ ಎಂದರು. ಯಜಮಾನಿ ಕನ್ನಡಕ ತೆಗೆದು ಒರೆಸಿಕೊಂಡರು.

ಊಟದ ಹೊತ್ತಿಗೆ ಪುಟ್ಟಿ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಆಗಷ್ಟೇ ಏಣಿ ಇಳಿದಿದ್ದಳು, ಏದುಸಿರು ಕೇಳುತ್ತಿತ್ತು.

"ಎಷ್ಟು ಹೋಯ್ತು?"

"ಎಲ್ಲಾ ಹೋಯ್ತು ಅಕ್ಕ. ಒಂದೂ ಉಳಿದಿಲ್ಲ."

ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ಸೈಟಿನವರಿಗೆಲ್ಲ ಕೂಗಿ ಹೇಳಿದ್ದು ಕೇಳಿಸಿತು, "ನನ್ನ ತಂಗಿ ಕಣ್ರೋ! ಎರಡು ಲಕ್ಷ ಪತ್ರ ಒಂದೇ ಏಟಿಗೆ ಹಂಚಿಬಿಟ್ಲು!" ಸೀಟಿಯಣ್ಣ ಏನೋ ಕೇಳಿದ, ಯಾರೋ ನಕ್ಕರು, ಒಬ್ಬ ತಟ್ಟೆ ಬಡಿದ. ಪುಟ್ಟಿ ಆಫೀಸಿನ ಮೆಟ್ಟಿಲ ಮೇಲೆ ಕೂತು, ಅತ್ತ ಕಡೆಯ ಗದ್ದಲ ಮುಗಿಯುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಇದ್ದಳು.